ಕೈಬೆನ್ನು

ಎಂಟೂವರೆಗೆ ಸೀರಿಯಲ್ಲು. ಆ್ಯಂಟಾಪ್ ಹಿಲ್‌ನ
ಹತ್ತು ಬೈ ಹನ್ನೆರಡರ ನಮ್ಮ ಖೋಲಿಯಲ್ಲಿ
ಗೋಡೆಗೊರಗಿ ಕೂತಿದ್ದಾನೆ ಅಪ್ಪ,
ರಿಸಲ್ಟಿಗೆ ಕಾದ ಹುಡುಗನಂತೆ.

ಮೂವತ್ತೊಂದು ವರ್ಷ ವಡಾಳಾ ಫೈರ್ ಸ್ಟೇಷನ್ನಿನಲ್ಲಿ ದುಡಿದ
ಸಾಯಬಣ್ಣ ಮಲ್ಕಪ್ಪ ಹೊಸಮನಿಯನ್ನು
ಆರು ದಿನದ ಮಟ್ಟಿಗೆ ಗೋರೆಗಾಂವಿಗೆ ಕರೆಸಿದ್ದರು,
ಸಲಹೆಗಾರ ಅಂತ. ದಿನಕ್ಕೆ ಎರಡು ಸಾವಿರ, ಮೇಲೆ ಊಟ.

ಮೊದಲ ದಿನವೇ ಹೇಳಿದನಂತೆ:
ಹೊಗೆಯೊಳಗ ಏನೂ ಕಾಣಂಗಿಲ್ಲ, ಸಾಹೇಬ.
ನಿಮ್ಮ ಕೈ ನಿಮಗ ಕಾಣಂಗಿಲ್ಲ.
ಡೈರೆಕ್ಟರ್ ಒಳ್ಳೇ ಹುಡುಗ, ತಲೆದೂಗಿದ:
ಕಾಕಾ, ಏನೂ ಕಾಣದ್ದನ್ನು
ಯಾರಿಗೆ ತೋರಿಸಲಿ ನಾನು?

ಹಾಗಾಗಿ ಅಲ್ಲಿ ಹೊಗೆ ಬೆಳ್ಳಗೆ, ಊದುಬತ್ತಿಯದರಂತೆ.
ಬೆಂಕಿ ಒಂದೇ ಬದಿಗೆ, ಹೇಳಿದಷ್ಟು ಉರಿಯುತ್ತದೆ.
ನಾಯಕ ಮಾಸ್ಕ್ ಹಾಕುವುದಿಲ್ಲ, ಮುಖಕ್ಕೇ ತಾನೆ ಸಂಬಳ.
ಎದ್ದು ನಿಂತು ಓಡುತ್ತಾನೆ. ಅಪ್ಪ ಲೊಚಗುಟ್ಟುತ್ತಾನೆ:
ಸತ್ತಾ ಮಗಾ. ಎರಡುಸಿರಿಗೆ ಸತ್ತಾ.
ಸಾಯುವುದಿಲ್ಲ ಅವನು. ಜಾಹೀರಾತು ಬರುತ್ತದೆ.

ತೆವಳಬೇಕು. ಎಡಗೈ ಗೋಡೆ ಬಿಡಬಾರದು.
ಬಾಗಿಲು ಸಿಕ್ಕರೆ ಅಂಗೈಯಲ್ಲಿ ಮುಟ್ಟಬಾರದು, ಕೈಬೆನ್ನಲ್ಲಿ;
ಸುಟ್ಟರ ಸುಡ್ಲಿ, ಹಿಡಿಯೋ ಕೈ ಉಳೀತದ.
ಇದನ್ನೂ ಹೇಳಿದ್ದನಂತೆ, ಊಟದ ಸಾಲಿನಲ್ಲಿ, ಯಾರಿಗೋ.
ಆ ಯಾರೋ ತಾಟು ಹಿಡಿದು ಹೂಂಗುಟ್ಟಿದ್ದನಂತೆ.

ಇವತ್ತು, ಹದಿನಾಲ್ಕನೇ ಕಂತಿನಲ್ಲಿ,
ನಾಯಕನಲ್ಲ, ಅವನ ಹಿಂದೆ ಪೈಪು ಹೊತ್ತ
ಹೆಸರಿಲ್ಲದ ಒಬ್ಬ
ಬಗ್ಗಿ, ಕೈ ತಿರುವಿ, ಬಾಗಿಲು ಮುಟ್ಟಿದ.
ಅರೆಕ್ಷಣ.
ಅಷ್ಟರಲ್ಲಿ ನಾಯಕ ಒದ್ದು ಒಳನುಗ್ಗಿಯಾಗಿತ್ತು.

ನೋಡಿದಿ? ಎಂದ ಅಪ್ಪ.
ಅವ್ವ ಮೆಂತ್ಯ ಸೋಸುತ್ತಿದ್ದಳು. ಏನು?
ಏನಿಲ್ಲ.

ನಾವು ಸಣ್ಣವರಿದ್ದಾಗ ರಾತ್ರಿಪಾಳಿ ಮುಗಿಸಿ ಬಂದರೆ
ದೀಪ ಹಾಕುತ್ತಿರಲಿಲ್ಲ ಅವನು.
ಕತ್ತಲಲ್ಲಿ ಗೋಡೆ ಸವರುತ್ತ ಬಂದು
ಒಬ್ಬೊಬ್ಬರದೇ ಹಣೆ ಮುಟ್ಟುತ್ತಿದ್ದ, ಕೈ ಮಗುಚಿ.
ಜ್ವರ ನೋಡುತ್ತಾನೆ ಅಂದುಕೊಂಡಿದ್ದೆ.
ಸಾಬೂನು ಹಾಕಿ ತಿಕ್ಕಿದ ಮೇಲೂ
ಸುಟ್ಟ ರಬ್ಬರಿನ ವಾಸನೆ.

ಹೆಸರುಗಳು ಓಡಿದವು. ಅವನದು ಬಂತೋ ಇಲ್ಲವೋ,
ಓದುವಷ್ಟರಲ್ಲಿ ಸೋಪಿನ ಹುಡುಗಿ ಬಂದಳು.
ಕೆಳಗೆ ರಸ್ತೆಯಲ್ಲಿ ಗಂಟೆ ಬಾರಿಸುತ್ತ ಬಂಡಿಯೊಂದು ಹೋಯಿತು.
ಅಪ್ಪ ಟೀವಿಯ ಸದ್ದು ಅಡಗಿಸಿ ಕಿವಿಗೊಟ್ಟ.
ನಮ್ಮದಲ್ಲ, ಶಿವಡೀದು, ಎಂದ.
ಆಮೇಲೆ, ತಿರುವಿನಲ್ಲಿ ಗೇರು ಬಿದ್ದಾಗ:
ತುಂಬೇದ ನೀರು. ಬಾಳ ತುಂಬೇದ.