ಶುಕ್ರವಾರ ಬಾಗಿಲು

"ಬಾಯಿ ಬಿಡಿ" ಅಂದಳು ಹುಡುಗಿ.
ಬಿಟ್ಟೆ.
ಯಾಕಿಮಾ ಪೇಟೆಯ ಈ ಕಾಲೇಜಿನಲ್ಲಿ ಶನಿವಾರ
ಕಲಿಯುವವರ ಕೈಗೆ ಬಾಯಿ ಕೊಟ್ಟರೆ
ಹಲ್ಲಿನ ಎಕ್ಸ್‌ರೇ ಪುಕ್ಕಟೆ.
ನಾನು ಬಂದದ್ದು ಅದಕ್ಕಲ್ಲ,
ಒಂದು ಮಾತು ಕೇಳೋದಕ್ಕೆ.
ಆದರೆ ನಾಲಿಗೆಯ ಪಕ್ಕ ಹತ್ತಿ, ಮೇಲೊಂದು ಪುಟ್ಟ ಕನ್ನಡಿ,
ಕೆನ್ನೆಯೊಳಗೆ ಜೊಲ್ಲು ಹೀರುವ ಕೊಳವೆ.
ಬಾಯಿ ಬಿಟ್ಟು ಮಲಗಿದವಳು
ಬಾಯಿ ಬಿಟ್ಟು ಕೇಳೋದು ಹೇಗೆ?

ಅವಳು ಎಣಿಸುತ್ತ ಹೋದಳು, ಪಕ್ಕದವಳು ಬರೆದುಕೊಂಡಳು:
ಹದಿಮೂರು, ಸರಿ. ಹದಿನಾಲ್ಕು, ಇಲ್ಲ.
ಹತ್ತೊಂಬತ್ತು, ಬೆಳ್ಳಿ ತುಂಬಿದ್ದು. ಮೂವತ್ತು, ಇಲ್ಲ.
ಒಂದೊಂದು 'ಇಲ್ಲ'ಕ್ಕೂ ನನ್ನ ಹತ್ತಿರ ರಸೀದಿ ಇದೆ.
ಕೀಳಿಸಲು ಇನ್ನೂರು, ಉಳಿಸಲು ಸಾವಿರದ ಆರುನೂರು.
ಎರಡು ಸಲವೂ ಕೀಳಿಸಿದೆ.

ಹನ್ನೊಂದು ವರ್ಷದಿಂದ ಸೇಬಿನ ಗೋದಾಮು.
ಬೆಲ್ಟಿನ ಮೇಲೆ ಉರುಳಿ ಬರುವ ಹಣ್ಣಿನಲ್ಲಿ
ಪೆಟ್ಟು ಬಿದ್ದದ್ದು ಬೆರಳಿಗೇ ತಿಳಿಯುತ್ತದೆ.
ಗಂಟೆಗೆ ಹದಿನೇಳು ಡಾಲರು, ವಾರಕ್ಕೆ ನಲವತ್ತು ಗಂಟೆ,
ಚಳಿಗೆ ಎರಡೆರಡು ಜೊತೆ ಕಾಲುಚೀಲ.
ಕರಪತ್ರದ ಮುಖದಲ್ಲಿ ಒಂಬತ್ತೇ ತಿಂಗಳು, ನಗು, ಬಿಳಿ ಷೂ,
ಗಂಟೆಗೆ ಇಪ್ಪತ್ತೊಂದೂವರೆ.
ಬೆನ್ನಿನಲ್ಲಿ, ಇರುವೆ ಸಾಲಿನಂಥ ಅಕ್ಷರದಲ್ಲಿ, ಫೀಜು:
ಹತ್ತೊಂಬತ್ತು ಸಾವಿರದ ನಾನೂರು.
"ಸಾಲದ ಚಿಂತೆ ನಮಗೆ ಬಿಡಿ, ಅರಸೆಲಿ" ಅನ್ನುತ್ತಾಳೆ
ಪ್ರತಿ ಮಂಗಳವಾರ ಫೋನು ಮಾಡುವ ಬ್ರಾಂಡೀನ್.
"ಒಂದೇ ಸೀಟು ಉಳಿದಿದೆ."
ಮೂರು ವಾರವಾಯಿತು. ಆ ಸೀಟು
ಗಟ್ಟಿ ದವಡೆ ಹಲ್ಲಿನ ಹಾಗೆ ಅಲ್ಲಾಡಿಲ್ಲ.
ಸರ್ಕಾರಿ ಕಾಲೇಜಿನಲ್ಲಿ ಐದು ಸಾವಿರಕ್ಕೆ ಮುಗಿಯುತ್ತದೆ,
ಆದರೆ ಸರದಿಯಲ್ಲಿ ಮುಂದೆ ನಲವತ್ತೊಂದು ಜನ.

ಕೊಳವೆ ತೆಗೆದರು. ಬಾಯಿ ಮುಕ್ಕಳಿಸಿ ಕೇಳಿದೆ.
ಹುಡುಗಿ, ಮಾರ್ಲೀನಿ ಅಂತ ಬಿಲ್ಲೆ,
ಮೇಡಮ್ಮಿನ ಬೆನ್ನು ತಿರುಗುವ ತನಕ ಕೈಗವಸು ಬಿಚ್ಚುತ್ತಲೇ ಇದ್ದಳು.
"ತಿಂಗಳಿಗೆ ಇನ್ನೂರ ಹದಿನೈದು. ಹತ್ತು ವರ್ಷ."
ಆಮೇಲೆ, ಇನ್ನೂ ತಗ್ಗಿದ ದನಿಯಲ್ಲಿ,
"ನಾನು ತರಬೇತಿಗೆ ಹೋಗೋ ಕಡೆ ಶುಕ್ರವಾರ ಬಾಗಿಲು.
ಬಹಳ ಕಡೆ ಹಾಗೇ ಅಂತೆ.
ಡಾಕ್ಟರು ಮೀನು ಹಿಡಿಯೋಕೆ ಹೋಗ್ತಾರೆ."

ಎದೆಗೆ ಕಟ್ಟಿದ್ದ ಕಾಗದದ ತುಂಡು ಎಸೆಯದೆ ತಂದೆ.
ಬಸ್ಸಿನಲ್ಲಿ ಅದರ ಮೇಲೆ ಬರೆದೆ:
ನಾಲ್ಕು ದಿನ, ಮೂವತ್ತೆರಡು ಗಂಟೆ
(ತುಂಬಿದ ಬಾಯಿಗೆ ಎಷ್ಟು ಹಲ್ಲೋ ಅಷ್ಟು, ನನಗಂತೂ ಅಷ್ಟಿಲ್ಲ),
ಇಪ್ಪತ್ತೊಂದೂವರೆಯಿಂದ ಗುಣಿಸಿದರೆ ಆರುನೂರ ಎಂಬತ್ತೆಂಟು.
ಗೋದಾಮಿನಲ್ಲಿ ಈಗ ಆರುನೂರ ಎಂಬತ್ತು.
ಎಂಟು ಡಾಲರು.
ಬೇರೆ ಉತ್ತರ ಬಂದೀತೆಂದು ಕಾಗದ ಮಗುಚಿದೆ.
ಹಿಂಬದಿ ಪ್ಲಾಸ್ಟಿಕ್. ಪೆನ್ನು ಜಾರಿತು.

ಆದರೂ.
ಬೆಚ್ಚಗಿನ ಕೋಣೆ, ಕೂರಲು ಗುಂಡನೆಯ ಸ್ಟೂಲು.
ನಲವತ್ತಕ್ಕೆ ಸವೆದ ಮೊಣಕಾಲಿಗೆ ಗಂಟೆಗೆಷ್ಟು ಅಂತ
ಯಾವ ಕರಪತ್ರವೂ ಹೇಳುವುದಿಲ್ಲ.
ಮಗಳ ಜೊತೆ ಮನೆಯಲ್ಲಿ ಒಂದು ಶುಕ್ರವಾರ:
ಅದನ್ನು ಯಾವ ಕಡೆ ಬರೆಯಲಿ, ನಷ್ಟಕ್ಕೋ ಲಾಭಕ್ಕೋ?

ಆ ರಾತ್ರಿ ಇಟ್ಸೆಲ್ ದಿಂಬಿನಡಿ ಹಲ್ಲಿಟ್ಟು ಮಲಗಿದಳು.
ನಮ್ಮವರಲ್ಲಿ ಹಲ್ಲು ಒಯ್ಯೋದು ಇಲಿ;
ಇಲಿಯ ಪರವಾಗಿ ಎರಡು ಡಾಲರು ನಾನಿಟ್ಟೆ.
ಈ ಮನೆಯಲ್ಲಿ ಹಲ್ಲಿನಿಂದ ದುಡಿದವಳು
ಸದ್ಯಕ್ಕೆ ಅವಳೊಬ್ಬಳೇ, ಅದೂ ಸಾಲವಿಲ್ಲದೆ.

ಮಂಗಳವಾರ ಫೋನು. ಸೀಟು ಇನ್ನೂ ಒಂದೇ ಇತ್ತು.
"ಕಲಿತು ಹೋದ ನಿಮ್ಮ ಹುಡುಗಿಯರಿಗೆ
ಶುಕ್ರವಾರ ಸಂಬಳ ಉಂಟೇನಮ್ಮ?" ಅಂದೆ.
ಆ ತುದಿಯಲ್ಲಿ ಯಾರೋ ಬಾಯಿಗೆ ಹತ್ತಿಯಿಟ್ಟ ಹಾಗೆ ಮೌನ.
ಇರಲಿ, ಕಾದೆ.
ಕಾಯೋದು ನನಗೆ ಗೊತ್ತು.
ಸೋಮವಾರದಿಂದ ನಾನು ನಲವತ್ತೆರಡನೆಯವಳು.