ಬಿ ಬದಿಯ ಕೊನೆಯ ಹಾಡು

ಮನಾಮದ ಹಳೆ ಸೂಕ್‌ನಲ್ಲಿ, ಚಿನ್ನದಂಗಡಿಗಳ ಬೆನ್ನಿಗೆ
ಮಿರ್ಜಾ ಜವಾದನ ಕ್ಯಾಸೆಟ್ ಗೂಡು.
ಎಂಬತ್ತಾರು, ಆಗಸ್ಟ್. ನಾನು ಕೇಳಿದ್ದು ಹಿಂದಿ ಹಾಡು,
ಅವನು ಕಟ್ಟಿಕೊಟ್ಟದ್ದು ಬೇರೆ. ನಾನೂರು ಫಿಲ್ಸು.
ರೂಮಿಗೆ ಬಂದು ನೋಡಿದರೆ
ಮಸುಕು ಜೆರಾಕ್ಸಿನ ಕವರು, ನಾಲ್ವರು ಗಡ್ಡದವರು,
ಯಾರೂ ಕ್ಯಾಮೆರಾ ನೋಡುತ್ತಿಲ್ಲ, ಒಬ್ಬ ತನ್ನ ಶೂ ನೋಡುತ್ತಿದ್ದಾನೆ.
ಮಿಡ್‌ನೈಟ್ ಲೆಡ್ಜರ್ ಅಂತೆ ಬ್ಯಾಂಡಿನ ಹೆಸರು.
ಇಸವಿ ಎಪ್ಪತ್ತಮೂರೋ ಎಪ್ಪತ್ತೆಂಟೋ, ಮಸಿ ಕಲಸಿತ್ತು.

ವಾಪಸು ಕೊಡಬೇಕಿತ್ತು. ಶುಕ್ರವಾರ, ಅಂಗಡಿ ಮುಚ್ಚಿತ್ತು.
ಹಾಕಿದೆ.

ಮೊದಲು ಗಿಟಾರು. ಗದ್ದಲ, ಗೊತ್ತಿದ್ದ ಗದ್ದಲವೇ.
ಆಮೇಲೆ ಪಿಯಾನೋ, ಕತ್ತಲಲ್ಲಿ ಮೆಟ್ಟಿಲು ತಪ್ಪಿದಂತೆ
ಒಂದು ಸ್ವರ ಕೆಳಗೆ ಕಾಲಿಟ್ಟು, ಬೀಳದೆ, ನಿಂತು, ನಕ್ಕಿತು.
ಆಮೇಲೆ ಸ್ಯಾಕ್ಸೊಫೋನು.

ನಮ್ಮ ಕಡೆಯವರಿಗೆ ಸ್ಯಾಕ್ಸೊಫೋನೆಂದರೆ ಮದುವೆ:
ಧಾರೆಗೆ ಮುಂಚೆ ಕಲ್ಯಾಣಿ, ಎಲೆ ಹಾಕಿದ ಮೇಲೆ ಮೋಹನ,
ಪಂಚೆಯ ಮೇಲೆ ಕೋಟು ತೊಟ್ಟ ಸಂಕಪ್ಪ ಶೇರಿಗಾರರು
ರೀಡನ್ನು ನಾಲಿಗೆಯಲ್ಲಿ ನೆನೆಸುತ್ತ
ಅಡುಗೆಯವರ ಕಡೆಗೆ ಒಂದು ಕಣ್ಣು.
ಇವನಾರಪ್ಪ? ಯಾರ ಮದುವೆಗೆ ಊದುತ್ತಿದ್ದಾನೆ?
ಬಂದವರೆಲ್ಲ ಕೈ ತೊಳೆದು ಹೋದ ಮೇಲೂ ಬಿಡುತ್ತಿಲ್ಲವಲ್ಲ!
ಕವರಿನ ನಾಲ್ವರ ಕೈಯಲ್ಲೂ ಸ್ಯಾಕ್ಸೊಫೋನಿಲ್ಲ,
ಎಲ್ಲೂ ಹೆಸರಿಲ್ಲ. ನಾನೇ ಇಟ್ಟೆ: ಸಂಕಪ್ಪಣ್ಣ.

ಸಿತ್ರಾದ ನೀರಿನ ಪ್ಲಾಂಟಿನಲ್ಲಿ ನನ್ನದು ರಾತ್ರಿ ಪಾಳಿ.
ಸಮುದ್ರ ಕುದಿಸಿ, ಆವಿ ಹಿಡಿದು, ಊರಿಗೆ ಕುಡಿಸುವ ಕೆಲಸ.
ಪೂರಾ ಉಪ್ಪು ತೆಗೆದ ನೀರು ನಾಲಿಗೆಗೆ ಸತ್ತ ನೀರು;
ಚೂರು ಸುಣ್ಣ, ಚೂರು ಖನಿಜ ಮತ್ತೆ ಬೆರೆಸಬೇಕು.
ರಾಕ್‌ಗೆ ಇವರು ಬೆರೆಸಿದ್ದೂ ಅಂಥದೇ ಏನೋ. ಎಷ್ಟು ಚಮಚ, ತಿಳಿಯದು.

ಎಂಬತ್ತೊಂಬತ್ತರಲ್ಲಿ ಮೂರನೇ ಪಂಪಿನ ಬೇರಿಂಗ್ ಸವೆದು
ಏಳರ ಲೆಕ್ಕದಲ್ಲಿ ಬಡಿಯತೊಡಗಿತು:
ತಕಿಟ ತಕಧಿಮಿ, ತಕಿಟ ತಕಧಿಮಿ.
ಎ ಬದಿಯ ಎರಡನೇ ಹಾಡು, ಅದೇ ನಡೆ!
ಎರಡು ರಾತ್ರಿ ಪೈಪಿನ ಮೇಲೆ ಸ್ಪ್ಯಾನರಿನಲ್ಲಿ ತಾಳ ಹಾಕುತ್ತ ಕೂತೆ.
ಮೂರನೇ ದಿನ ಮೆಮೊ ಬಂತು:
ಅಸಹಜ ಶಬ್ದವನ್ನು ವರದಿ ಮಾಡದ್ದಕ್ಕೆ.
ಅಸಹಜ. ಎಷ್ಟು ಸರಿಯಾದ ಮಾತು. ಮಡಚಿ
ಕ್ಯಾಸೆಟ್ಟಿನ ಡಬ್ಬಿಯೊಳಗೆ, ಗಡ್ಡದವರ ಹಿಂದೆ ಇಟ್ಟೆ.

ಹೇಳಹೊರಟದ್ದು ಕೊನೆಯ ಹಾಡಿನ ಸುದ್ದಿ.
ಕದ್ದು ತುಂಬಿಸಿದ ಕ್ಯಾಸೆಟ್ಟು, ಟೇಪು ಸಾಲಲಿಲ್ಲ.
ಸಂಕಪ್ಪಣ್ಣ ಏರುತ್ತಾನೆ, ಏರುತ್ತಾನೆ,
ಇನ್ನೇನು ಮೇಲಿನ ಷಡ್ಜ ಮುಟ್ಟಬೇಕು

ಟಕ್.

ಗುಂಡಿ ಮೇಲಕ್ಕೆ ಹಾರುತ್ತದೆ. ಕೋಣೆಯಲ್ಲಿ ಏಸಿಯ ಸದ್ದು.

ಮೂವತ್ತೆರಡು ವರ್ಷ ಹಾಡು ಅಲ್ಲೇ ನಿಂತಿತ್ತು.
ಮುಂದಿನದನ್ನು ನಾನೇ ಊದಿದೆ, ಬರಿಬಾಯಲ್ಲಿ:
ಪ್ಲಾಂಟಿನ ಬಸ್ಸಿನಲ್ಲಿ, ಸ್ನಾನದಲ್ಲಿ, ಯುದ್ಧದ ವರ್ಷ
ಸೈರನ್ ಕೂಗಿ ನಿಂತ ಮೇಲಿನ ಖಾಲಿಯಲ್ಲಿ.
ದಿನಕ್ಕೊಂದು ಮುಕ್ತಾಯ. ಎಲ್ಲದರಲ್ಲೂ
ಷಡ್ಜ ಮುಟ್ಟಿಸಿಯೇ ಬಿಡುತ್ತಿದ್ದೆ, ಧಾರೆ ಎರೆದಂತೆ.

ನಿವೃತ್ತಿಗೆ ಹದಿನಾಲ್ಕು ದಿನ ಇರುವಾಗ
ಪಾಳಿ ಮುಗಿಸಿ ಸಿತ್ರಾದ ಸೇತುವೆ ಮೇಲೆ ಬರುತ್ತ
ಜಾಫರ್, ನನ್ನ ಕೆಳಗೆ ಕಲಿತ ಹುಡುಗ, ಫೋನಿನಲ್ಲಿ ಹುಡುಕಿ
ಪೂರ್ತಿ ಹಾಡು ಹಾಕಿದ. ಬೇಡವೆನ್ನಲು ಬಾಯಿ ತೆರೆದೆ, ತಡವಾಗಿತ್ತು.

ಷಡ್ಜ ಮುಟ್ಟಲಿಲ್ಲ, ಮಾರಾಯರೆ.
ನಿಷಾದದ ಹೊಸ್ತಿಲಲ್ಲಿ ನಿಂತು, ಬಾಗಿಲು ತಟ್ಟದೆ,
ಸಂಕಪ್ಪಣ್ಣ ಕೊಳವೆಯಿಂದ ಬಾಯಿ ತೆಗೆದ.
ಉಸಿರು ಕೇಳಿಸಿತು. ಒಂದು ಕುರ್ಚಿ ಕಿರುಗುಟ್ಟಿತು.
ಬೇಸ್ ಗಿಟಾರು ನಾಲ್ಕು ಹೆಜ್ಜೆ ಹಾಕಿ ದೀಪ ಆರಿಸಿತು.

“ಬಸ್?” ಅಂದ ಜಾಫರ್, ಮೋಸಹೋದವನ ಮುಖದಲ್ಲಿ.
“ಬಸ್,” ಅಂದೆ. ಎಡಕ್ಕೆ ಉಬ್ಬರವಿಳಿದ ಕೆಸರು,
ಒಂಟಿಕಾಲಿನ ಕೊಕ್ಕರೆಗಳು. ಇನ್ನೊಮ್ಮೆ ಹಾಕು ಅಂದೆ.

ಹಾಕಿದ. ಏರುತ್ತಾನೆ, ಏರುತ್ತಾನೆ,
ನನ್ನ ಕೈಬೆರಳು ತಾನಾಗಿ ಬಿಗಿದುಕೊಂಡಿತು,
ಸರಿಯಾಗಿ ಅದೇ ಜಾಗದಲ್ಲಿ
ಜಾಫರ್ ಬಲಕ್ಕೆ ಇಂಡಿಕೇಟರ್ ಹಾಕಿದ:
ಟಕ್. ಟಕ್. ಟಕ್.