ಲೈನಿನಲ್ಲಿ ಗಾಳಿ

ಬೆಳಗಿನ ಜಾವ ನಾಲ್ಕೂ ಇಪ್ಪತ್ತಕ್ಕೆ ಫೋನು:
"ಮೇಡಂ, ಇವತ್ತೂ ಬರ್ಲಿಲ್ಲ."
ನೀರಿನ ಮಾತಲ್ಲ. ನೀರು ಬಿಡುವವರೇ ಅವರು,
ಮತ್ತಿಕೆರೆಯ ವಾಲ್ವ್‌ಮನ್ ಮುನಿಯಲ್ಲಪ್ಪ.
ಬಾರದೇ ಇದ್ದದ್ದು ನಾನು ಬಿಟ್ಟದ್ದು.

ರಾತ್ರಿ ಹನ್ನೊಂದಕ್ಕೆ ಬಿಟ್ಟಿದ್ದೆ, ಹದಿನೇಳನೇ ಸಲ.
ಪರದೆಯ ಮೇಲೆ ಹಸಿರು ಗುರುತು:
ಒಳಗಿನ ಪರೀಕ್ಷಕರಿಗೆ ಲಭ್ಯ.
ಒಳಗಿನವರೆಂದರೆ ಹನ್ನೆರಡು ಜನ.
ಒಂಬತ್ತು ಮಂದಿ ಆಫೀಸಿನವರು,
ಕಾಂಡಿಮೆಂಟ್ಸ್ ಅಂಗಡಿಯ ಮೇಲಿನ ಒಂದೂವರೆ ಕೋಣೆಯನ್ನು
ಆಫೀಸು ಅನ್ನಬಹುದಾದರೆ;
ಇಬ್ಬರು ಶ್ರೀಹರಿಯ ಭಾವಮೈದುನರು;
ಕೊನೆಯ ಹೆಸರು ಮುನಿಯಲ್ಲಪ್ಪ.
ಹನ್ನೊಂದು ಫೋನಿಗೆ ಬಂತು.
ಆ ಹನ್ನೊಂದು ಜನರಲ್ಲಿ ಒಬ್ಬರೂ
ಜನ್ಮದಲ್ಲಿ ವಾಲ್ವ್ ತಿರುಗಿಸಿದವರಲ್ಲ.

ಆ್ಯಪು ಇಷ್ಟೇ: ಅವರು ಒಂದು ಬಟನ್ ಒತ್ತಬೇಕು,
ನಾಲ್ಕನೇ ಕ್ರಾಸಿನ ಮನೆಮನೆಯ ಫೋನಿನಲ್ಲಿ
'ನೀರು ಬಿಟ್ಟಿದೆ' ಅಂತ ಟಿಣ್ ಅನ್ನಬೇಕು.
ಇಷ್ಟಕ್ಕೆ ಮೂರು ತಿಂಗಳು.

ಇಲಿಯಾಸ್ ಹೇಳಿದ: ಲಿಂಕ್ ತೆರೆದು 'ಸೇರುತ್ತೇನೆ' ಒತ್ತಿದ್ದಾರಾ ಕೇಳು.
ಕೇಳಿದೆ. ಹೂಂ ಅಂದರು.
ಎಲ್ಲದಕ್ಕೂ ಹೂಂ ಅನ್ನುವವರೆಂದು ಆಮೇಲೆ ತಿಳಿಯಿತು.
ಕ್ಯಾಶ್ ಅಳಿಸಲಿ. ಅಳಿಸಿದರು,
ಜೊತೆಗೆ ಮೊಮ್ಮಗಳ ನಾಮಕರಣದ ಫೋಟೋಗಳನ್ನೂ.
ವರ್ಷನ್ ನಂಬರ್ ಏರಿಸಿ ಮತ್ತೆ ಬಿಡು. ಬಿಟ್ಟೆ.
ಅವರ ಪರದೆಯಲ್ಲಿ ಮಾತ್ರ ಅದೇ ಸಾಲು:
ನೀವು ಹುಡುಕುತ್ತಿರುವುದು ಇಲ್ಲಿ ಇಲ್ಲ.
ಬರೆದವರು ಯಾರೋ,
ಯಾವ ಮಠದ ಸನ್ಯಾಸಿಯೋ.

ಸ್ಕೂಟರ್ ಹತ್ತಿ ಹೋದೆ.
ಹಾಲಿನ ಬೂತಿನ ಮುಂದೆ ನೀಲಿ ಕ್ರೇಟು, ಅದರ ಮೇಲೊಂದು ನಾಯಿ.
ನಡುರಸ್ತೆಯಲ್ಲಿ ಮುಚ್ಚಳ ತೆಗೆದ ಗುಂಡಿಯೊಳಗೆ
ಎದೆಯುದ್ದದ ಕಬ್ಬಿಣದ ಕೀಲಿ ಇಳಿಸಿ
ಅದರ ತಲೆಗೆ ಕಿವಿ ಹಚ್ಚಿ ಬಾಗಿದ್ದರು ಅವರು.
"ಶ್," ಅಂದರು.
"ವಾಲ್ವ್ ತೆಗ್ದಿದೀನಿ. ಸೌಂಡ್ ಐತೆ.
ಮೂಲೆಮನೆಗೆ ಮಾತ್ರ ಹೋಗ್ತಿಲ್ಲ. ಲೈನಲ್ಲಿ ಗಾಳಿ."
"ಮುಚ್ಚಿ ಮತ್ತೆ ತೆಗೆದರೆ?"
"ಹೊಸಬ್ರೆಲ್ಲ ಅದನ್ನೇ ಮಾಡೋದು.
ಮತ್ತೆ ಮತ್ತೆ ಬಿಟ್ರೆ ಗಾಳೀನೂ ಮತ್ತೆ ಮತ್ತೆ ತುಂಬ್ಕೊಳ್ತದೆ.
ಆ ಮನೆ ನಲ್ಲಿ ಹತ್ರಾನೇ ಹೋಗಿ ನೋಡ್ಬೇಕು."

ಹದಿನೇಳು ಸಲ ಬಿಟ್ಟವಳು ಸುಮ್ಮನೆ ನಿಂತೆ.
ಆಮೇಲೆ ಕೈ ಚಾಚಿ ಅವರ ಫೋನು ಕೇಳಿದೆ.
ಮೂರು ತಿಂಗಳಲ್ಲಿ ಮೊದಲ ಸಲ.

ಬಲಮೂಲೆಯ ಪುಟ್ಟ ವೃತ್ತದಲ್ಲಿ ಮಲ್ಲಿಗೆ ಮುಡಿದ ಮುಖ.
ಖಾತೆ: ಶಶಿರೇಖಾ. ಮಗಳು.
ಪೀಣ್ಯದ ಗಾರ್ಮೆಂಟ್ಸಿನ ಮೊದಲ ಬೋನಸ್ಸಿನಲ್ಲಿ
ಕೊಡಿಸಿದವಳು, ತನ್ನದೇ ಹೆಸರಲ್ಲಿ ಎಲ್ಲ ಹೊಂದಿಸಿಕೊಟ್ಟವಳು.
ನಮ್ಮ ಪಟ್ಟಿಯ ಮುನಿಯಲ್ಲಪ್ಪನೋ,
ಶ್ರೀಹರಿ ಆಫೀಸಿನಲ್ಲಿ ಕೂತು ತೆರೆದ ವಿಳಾಸ,
ಯಾವ ಫೋನಿನಲ್ಲೂ ವಾಸವಿಲ್ಲದ್ದು.
ಸೈಟೇ ಇಲ್ಲದ ಮನೆಗೆ ನಾವು ಪೈಪು ಎಳೆದಿದ್ದೆವು.

ಗುಂಡಿಯ ಪಕ್ಕದಲ್ಲೇ ಕೂತು
ಶಶಿರೇಖಾಳನ್ನು ಹದಿಮೂರನೆಯವಳಾಗಿ ಸೇರಿಸಿದೆ.
ಇನ್ನು ಕಾಯುವುದು.
ಮೂಲೆಮನೆಯ ನಲ್ಲಿ ಮೊದಲು ಸೀನಿತು,
ಕೆಮ್ಮಿತು, ಒಂದಿಷ್ಟು ಕೆಂಪು ಉಗಿಯಿತು,
ಆಮೇಲೆ ಒಂದೇ ಸಮನೆ.
ಅದಾಗಿ ಐದು ನಿಮಿಷಕ್ಕೆ ಫೋನಿಗೂ ಬಂತು.

"ಒತ್ತಿ," ಅಂದೆ. ಒತ್ತಿದರು.
ಏನೂ ಆಗಲಿಲ್ಲ.
ಇನ್ನೊಮ್ಮೆ, ಉಗುರು ಬೆಳ್ಳಗಾಗುವಷ್ಟು. ಊಹೂಂ.
ಅವರ ಹೆಬ್ಬೆರಳು ನೋಡಿದೆ:
ಗ್ರೀಸು, ಮಣ್ಣು, ತುದಿಯಲ್ಲಿ ತೊಟ್ಟಿಕ್ಕುವ ಹನಿ.
ನೀರಿನ ಆ್ಯಪನ್ನು ನಾವು ಮೂರು ತಿಂಗಳೂ
ಒಣಗಿದ ಬೆರಳಿನಲ್ಲೇ ಪರೀಕ್ಷಿಸಿದ್ದೆವು.

ಅಂಗಿಗೆ ಒರೆಸಿಕೊಳ್ಳಲು ಹೋದರು.
"ಬೇಡಿ, ಹಾಗೇ ಇರಲಿ," ಎಂದು
ಸ್ಕೂಟರಿನ ಬಿಲ್ಲಿನ ಹಿಂದೆ ಬರೆದುಕೊಂಡೆ:
ಹದಿನೆಂಟು. ಒದ್ದೆ ಬೆರಳು.

ಅಷ್ಟರಲ್ಲಿ ಮೂಲೆಮನೆಯ ಅಜ್ಜಿ ಮಹಡಿಯಿಂದ
"ನೀರ್ ಬಂತು ಕಣ್ರೇ!" ಅಂದರು.
ಬೀದಿಯುದ್ದಕ್ಕೂ ದೀಪ, ಬಿಂದಿಗೆ, ಮೋಟಾರಿನ ಗುರ್ರ್.
ಅದು ಎಷ್ಟನೇ ವರ್ಷನ್ನೋ, ಕೇಳಲಿಲ್ಲ ನಾನು.

ಮುನಿಯಲ್ಲಪ್ಪ ಕೀಲಿ ಹೆಗಲಿಗೇರಿಸಿದರು.
"ಐದನೇ ಕ್ರಾಸಿಗೆ ಹೊತ್ತಾಯ್ತು ಮೇಡಂ" ಎಂದು
ಹೊರಟೇಬಿಟ್ಟರು,
ಫೋನು ನನ್ನ ಕೈಯಲ್ಲೇ ಬಿಟ್ಟು.